ಮಹಾನಂದಾ ಕೇಳಿದ ಗುರುವಾರ

ಇವತ್ತು ಮಾಡಿದ ಕೆಲಸಗಳು: ನಳದ ನೀರು ಐದೂವರೆಗೇ ಬಂತು, ಎರಡು ಕೊಡ ಒಂದು ಡ್ರಮ್ಮು ತುಂಬಿಸಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚಿದೆ. ಸವಿತಾಳ ಡಬ್ಬಿಗೆ ಚಪಾತಿ, ಬದನೆಕಾಯಿ ಪಲ್ಯ ಕಟ್ಟಿದೆ. ಜೋಳ ಹಸನು ಮಾಡಿ ಗಿರಣಿಗೆ ಒಯ್ದು ಬೀಸಿಸಿಕೊಂಡು ಬಂದೆ. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತಿರುವಿ ಹಾಕಿದೆ. ಮಧ್ಯಾಹ್ನ ಪುಂಡಿಸೊಪ್ಪು ಬಿಡಿಸಿದೆ. ಸಂಜೆ ಸವಿತಾಳ ಕೈಯಿಂದ ಕೆಂಪು ಪೆನ್ನು ಇಸಿದುಕೊಂಡೆ. ಈ ಕೊನೆಯ ಕೆಲಸವನ್ನು ಬೆಳಿಗ್ಗೆ ಅಂದುಕೊಂಡಿರಲಿಲ್ಲ.

ಸವಿತಾ ನನ್ನ ತಂಗಿಯ ಮಗಳು. ಈ ವರ್ಷವೇ ಬಸವಕಲ್ಯಾಣದ ಒಂದು ಪ್ರೌಢಶಾಲೆಗೆ ಗಣಿತ ಶಿಕ್ಷಕಿಯಾಗಿ ಬಂದಿದ್ದಾಳೆ. ಹುಮನಾಬಾದಿನ ನಮ್ಮ ಮನೆಯಲ್ಲಿದ್ದು ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ನಾನೂ ಗಣಿತದವಳೇ. ಮೊದಲು ಹುಮನಾಬಾದಿನಲ್ಲಿ, ಆಮೇಲೆ ಬಸವಕಲ್ಯಾಣದಲ್ಲಿ, ಒಟ್ಟು ಇಪ್ಪತ್ತೊಂಬತ್ತು ವರ್ಷ ಸೀಮೆಸುಣ್ಣ ಹಿಡಿದೆ. ಅತ್ತೆ ಬಚ್ಚಲಲ್ಲಿ ಜಾರಿಬಿದ್ದ ಮೇಲೆ ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದೆ. ಈಗಲೂ ಹತ್ತು ಗಂಟೆಯಾದರೆ ಬೆರಳುಗಳು ಏನನ್ನೋ ಹುಡುಕುತ್ತವೆ.

ಸವಿತಾ ಸಂಜೆ ಮಕ್ಕಳ ಚೀಟಿಗಳ ಕಟ್ಟೊಂದನ್ನು ತಂದಿದ್ದಳು. ಜೀವನ ಕೌಶಲ್ಯದ ಪೀರಿಯಡ್ಡಿನಲ್ಲಿ ಎಲ್ಲರಿಂದ ‘ನನ್ನ ಗುರಿ’ ಬರೆಸಿದ್ದಳಂತೆ. ಒಂದು ಚೀಟಿ ಎತ್ತಿ ನಕ್ಕಳು.

“ಮೌಶಿ, ಇದನ್ನ ನೋಡ್ರಿ. ಹತ್ತನೇ ಕ್ಲಾಸಿನ ಹುಡುಗಿ, ‘ನಮ್ಮ ಮನ್ಯಾಗ ಟಿ.ವಿ. ಬಂದ್ ಇರೋ ಒಂದು ತಾಸು ಬೇಕು’ ಅಂತ ಬರದಾಳ. ಇದೇನ್ ಗುರಿ ಆತು?” ಎನ್ನುತ್ತಾ ಕೆಂಪು ಪೆನ್ನಿನ ಮುಚ್ಚಳ ತೆಗೆದಳು.

“ಕೊಡಿಲ್ಲೆ ಪೆನ್ನ.”

“ಯಾಕ್ರಿ?”

“ಕೊಡು ಅಂದೆ.”

ಅತ್ತೆ ಹಾಸಿಗೆಯಿಂದಲೇ, “ಏ ಸವ್ವಿ, ಕೊಟ್ಟಬಿಡವ್ವಾ. ಆಕಿಗಿ ಆ ಟೀಚರ್ ದನಿ ಬಂತಂದ್ರ ಈ ಮುರಕ ಮೊಣಕಾಲಾಗ ನಾನೇ ಎದ್ದ ನಿಂದ್ರಬೇಕನಸ್ತದ” ಎಂದರು.

ಸವಿತಾ ಪೆನ್ನು ಕೊಟ್ಟಳು, ಮುಖ ಸಣ್ಣದು ಮಾಡಿಕೊಂಡಳು. ಕಾರಣ ಬರೆದು ಕೊಡುತ್ತೇನೆ ಎಂದೆ. ಬಾಯಲ್ಲಿ ಹೇಳಲು ಹೋದರೆ ನಡುವೆಯೇ ಬೇರೆ ಮಾತಿಗೆ ಹೊರಳಿಬಿಡುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಬಂದ ಬೇರೆಯವರೂ ಓದಿದರೆ ಓದಲಿ.

ಮೊದಲು ಬೀದರದ ತರಬೇತಿಯ ಸಂಗತಿ ಹೇಳಬೇಕು. ಮಕ್ಕಳಿಗೆ ಗುರಿ ಇಟ್ಟುಕೊಳ್ಳುವುದನ್ನೂ ನಿರ್ಧಾರ ತೆಗೆದುಕೊಳ್ಳುವುದನ್ನೂ ಕಲಿಸಬೇಕೆಂಬ ಮಾತು ಆಗ ಹೊಸದು. ಮೂರು ದಿನ ನಮ್ಮನ್ನೇ ಮಕ್ಕಳಂತೆ ಕೂಡಿಸಿ ಕಲಿಸಿದರು. ಎರಡನೇ ದಿನ ಅರ್ಧ ಹಾಳೆ ಕೊಟ್ಟು ನಿಮ್ಮ ಗುರಿ ಬರೆಯಿರಿ ಎಂದರು. ನಮ್ಮ ಮನೆ ಆಗ ಘಾಟಬೋರಾಳದಲ್ಲಿತ್ತು. ದಿನಾ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬ, ಒಂದು ಕೈಯಲ್ಲಿ ಚೀಲ ಹಿಡಿದು ಹುಮನಾಬಾದಿನವರೆಗೆ ನಿಂತೇ ಬರುತ್ತಿದ್ದೆ. ಮನಸ್ಸಿಗೆ ಬಂದದ್ದನ್ನು ಬರೆದೆ: ‘ಬೆಳಗಿನ ಬಸ್ಸಿನಲ್ಲಿ ಕೂಡಲು ಜಾಗ ಸಿಗಬೇಕು.’

ತರಬೇತಿ ಕೊಡುತ್ತಿದ್ದವರು ಅದನ್ನು ಎಲ್ಲರ ಮುಂದೆ ಓದಿದರು. ಕೋಣೆಗೆ ಕೋಣೆಯೇ ನಕ್ಕಿತು. “ಮೇಡಂ, ದೊಡ್ಡದಾಗಿ ಯೋಚಿಸಿ” ಎಂದರು. ನಾನೂ ನಕ್ಕೆ. ಹಾಳೆ ಹರಿದು ಹೊಸದಾಗಿ ‘ಆದರ್ಶ ಶಿಕ್ಷಕಿಯಾಗಬೇಕು’ ಎಂದು ಬರೆದುಕೊಟ್ಟೆ. ಚಪ್ಪಾಳೆ ಹೊಡೆದರು. ಮರುದಿನವೂ ಬಸ್ಸಿನಲ್ಲಿ ನಿಂತೇ ಬಂದೆ. ಆದರೆ ‘ದೊಡ್ಡದಾಗಿ ಯೋಚಿಸಿ’ ಎಂಬ ಆ ಮಾತನ್ನು ಚೀಲದಲ್ಲಿ ಹಾಕಿಕೊಂಡು ಶಾಲೆಗೆ ತಂದೆ.

ಶಾಲೆಯಲ್ಲಿ ಹತ್ತನೇ ತರಗತಿಯ ಹಿಂದಿನ ಗೋಡೆಗೆ ‘ಗುರಿ ಗೋಡೆ’ ಎಂದು ಹೆಸರಿಟ್ಟೆ. ಪ್ರತಿಯೊಬ್ಬರೂ ಒಂದು ಚೀಟಿ ಬರೆದು ನನಗೆ ತೋರಿಸಬೇಕು, ನಾನು ತಿದ್ದಿದ ಮೇಲೆ ಅಂಟಿಸಬೇಕು. ತಿದ್ದುವುದು! ಗುರಿಯನ್ನೂ ಲೆಕ್ಕದ ಉತ್ತರದ ಹಾಗೆ ತಿದ್ದಬಹುದು ಎಂದುಕೊಂಡಿದ್ದೆ. ಚೀಟಿಗಳು ಬಂದವು. ಡಾಕ್ಟರ್, ಡಾಕ್ಟರ್, ಪೊಲೀಸ್, ಡಾಕ್ಟರ್, ಟೀಚರ್. ನಮ್ಮ ಹೆಡ್‌ಮಾಸ್ತರರು ಉರ್ದು ಮಾಧ್ಯಮದಲ್ಲಿ ಓದಿದವರು, ಶಿಸ್ತಿನವರು, ಒಳಗೆ ತಮಾಷೆಯವರು. ಗೋಡೆಯ ಮುಂದೆ ಬೆನ್ನ ಹಿಂದೆ ಕೈಕಟ್ಟಿ ನಿಂತು ಓದಿದರು.

“ವಾಹ್ ಟೀಚರ್, ಬಹೋತ್ ಖೂಬ್! ಇಷ್ಟು ಮಂದಿ ಡಾಕ್ಟರ್ ಆದ್ರ ಹುಮನಾಬಾದಿಗಿ ರೋಗಿಗೋಳನ್ನ ಎಲ್ಲಿಂದ ತರೋದ್ರಿ?”

ಆ ಗೋಡೆಯಲ್ಲಿ ಮಹಾನಂದಾಳ ಚೀಟಿಯೂ ಇತ್ತು.

ಮಹಾನಂದಾ ಎರಡನೇ ಬೆಂಚಿನ ಹುಡುಗಿ. ಅವಳ ತಾಯಿ ಶಾಂತಾಬಾಯಿಯದು ಊರಿಗೆ ಹತ್ತಿದ ಮಾಣಿಕನಗರದ ಮಠದ ಮುಂದೆ ಹೂವು ಕಾಯಿಯ ಅಂಗಡಿ. ತಂದೆ ಆಟೊ ಹೊಡೆಯುತ್ತಿದ್ದರು. ಗುರುವಾರ ಮಠಕ್ಕೆ ಬರುವ ಮಂದಿ ಹೆಚ್ಚು, ಆಟೊಗೂ ಅಂಗಡಿಗೂ ಉಸಿರು ಬಿಡಲು ಆಗುವುದಿಲ್ಲ. ಅಕ್ಕನ ಮದುವೆಯಾದ ಮೇಲೆ ಗುರುವಾರದ ಪಾಳಿ ಮಹಾನಂದಾಳಿಗೆ ಬಂತು. ಎಂಟನೇ ತರಗತಿಯಿಂದಲೂ ಅವಳು ಗುರುವಾರ ಶಾಲೆಗೆ ಬಂದದ್ದಿಲ್ಲ. ಹುಡುಗಿಯರು ಅವಳನ್ನು ‘ಗುರುವಾರದಾಕಿ’ ಎಂದೇ ಕರೆಯುತ್ತಿದ್ದರು. ನಾನೂ ಶುಕ್ರವಾರ ಹಾಜರಿ ಕರೆಯುವಾಗ, “ಏನವ್ವಾ, ನಿನ್ನೆ ದೇವರ ಡ್ಯೂಟಿ ಮುಗೀತಾ?” ಎನ್ನುತ್ತಿದ್ದೆ. ತರಗತಿ ನಗುತ್ತಿತ್ತು, ಅವಳೂ ನಗುತ್ತಿದ್ದಳು. ಆಮೇಲೆ ಹತ್ತಿರ ಬಂದು, ನಿನ್ನೆ ಅಂಗಡಿಯಲ್ಲಿ ಉಳಿದ ಮಲ್ಲಿಗೆಯ ಒಂದು ಮೊಳವನ್ನು ಮೇಜಿನ ಮೇಲೆ ಇಡುತ್ತಿದ್ದಳು. ಪ್ರತಿ ಶುಕ್ರವಾರ ಆ ಹೂವು ನನ್ನ ತಲೆಯಲ್ಲಿರುತ್ತಿತ್ತು. ಗುರುವಾರ ಯಾಕೆ ಬರಲಿಲ್ಲ ಎಂದು ನಿಜವಾಗಿ ಕೇಳಬೇಕಾದವಳು ಗುರುವಾರದ ಹೂವು ಮುಡಿದು ಪಾಠ ಮಾಡುತ್ತಿದ್ದೆ.

ಗುರಿ ಬರೆಯಿರಿ ಎಂದಾಗ ಅವಳು ಗುಂಡಗಿನ ಅಕ್ಷರದಲ್ಲಿ ಬರೆದದ್ದು ಒಂದೇ ಸಾಲು: ‘ನಾನು ಗುರುವಾರವೂ ಶಾಲೆಗೆ ಬರಬೇಕು.’

ನಾನು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ: ‘ಇದು ಗುರಿಯಲ್ಲ, ಹಾಜರಿ. ದೊಡ್ಡದಾಗಿ ಯೋಚಿಸು.’

ಅವಳು ಚೀಟಿ ತೆಗೆದುಕೊಂಡು ಹೋದಳು. ಐದು ನಿಮಿಷಕ್ಕೆ ತಿರುಗಿ ಬಂದು ತೋರಿಸಿದಳು. ‘ನಾನು ಡಾಕ್ಟರ್ ಆಗುತ್ತೇನೆ.’ ಶಹಬ್ಬಾಸ್ ಎಂದೆ. ಅಂಟಿಸಿದಳು.

ಫಲಿತಾಂಶ ಬಂದಾಗ ಮಹಾನಂದಾ ಗಣಿತದಲ್ಲಿ ಫೇಲಾಗಿದ್ದಳು. ಉಳಿದ ಎಲ್ಲ ವಿಷಯ ಪಾಸು. ನನ್ನ ವಿಷಯವೊಂದರಲ್ಲೇ. ಅಂಕಪಟ್ಟಿ ನೋಡಲೂ ಅವಳು ಶಾಲೆಗೆ ಬರಲಿಲ್ಲ. ಜೂನಿನ ಪೂರಕ ಪರೀಕ್ಷೆಗೆ ಅರ್ಜಿ ತುಂಬಲು ಎಲ್ಲರಿಗೂ ಹೇಳಿ ಕಳಿಸಿದೆ, ಅವಳು ಅದಕ್ಕೂ ಬರಲಿಲ್ಲ. ಹತ್ತನೆಯದು ದಾಟದ ಹುಡುಗಿಯ ದಾರಿ ಅಲ್ಲಿಗೇ ನಿಲ್ಲುತ್ತದೆ. ಅಂಗಡಿ ಇದ್ದೇ ಇದೆ, ಗುರುವಾರದ ಜೊತೆ ಉಳಿದ ಆರು ದಿನವೂ ಅಲ್ಲೇ ಕೂಡುವುದು.

ಮೇ ತಿಂಗಳ ಆರಂಭದಲ್ಲಿ ಕೋಣೆಗೆ ಸುಣ್ಣ ಬಳಿಯಬೇಕೆಂದು ಜವಾನ ಮಲ್ಲಪ್ಪನ ಜೊತೆ ಗುರಿ ಗೋಡೆಯ ಚೀಟಿಗಳನ್ನು ಕೀಳುತ್ತಿದ್ದೆ. ಅಂಟು ಒಣಗಿತ್ತು, ಮುಟ್ಟಿದರೆ ಉದುರುತ್ತಿದ್ದವು. ಒಂದು ಚೀಟಿ ಬೋರಲು ಬಿತ್ತು. ಹಿಂಬದಿಯಲ್ಲಿ ನನ್ನ ಕೆಂಪು ಅಕ್ಷರ. ಮಹಾನಂದಾ ಹೊಸ ಹಾಳೆ ತೆಗೆದುಕೊಂಡಿರಲಿಲ್ಲ, ಅದನ್ನೇ ಮಗುಚಿ ಡಾಕ್ಟರ್ ಎಂದು ಬರೆದಿದ್ದಳು. ತನ್ನ ಮಾತನ್ನು ಗೋಡೆಯ ಕಡೆ ಮುಖ ಮಾಡಿ ಇಡೀ ವರ್ಷ ಅಂಟಿಸಿದ್ದಳು.

ಹಾಜರಿ ಪುಸ್ತಕ ತರಿಸಿದೆ. ಅವಳ ಹೆಸರಿನ ಮುಂದೆ ಪ್ರತಿ ಗುರುವಾರವೂ ಗೈರು. ಆಮೇಲೆ ನನ್ನದೇ ಪಾಠ ಟಿಪ್ಪಣಿ ತೆರೆದೆ. ನನಗೆ ಎರಡು ಪೀರಿಯಡ್ ಒಟ್ಟಿಗೆ ಸಿಗುತ್ತಿದ್ದುದು ಗುರುವಾರ ಮಾತ್ರ. ಅದಕ್ಕೇ ಪ್ರತಿ ಹೊಸ ಪಾಠವನ್ನೂ ಗುರುವಾರ ಶುರು ಮಾಡುತ್ತಿದ್ದೆ. ವರ್ಗ ಸಮೀಕರಣ ಗುರುವಾರ. ತ್ರಿಕೋನಮಿತಿ ಗುರುವಾರ. ಆ ಹುಡುಗಿಯ ಕೈಗೆ ವರ್ಷವಿಡೀ ತುದಿಯಿಲ್ಲದ ದಾರದುಂಡೆಗಳನ್ನು ಕೊಟ್ಟು ಬಿಡಿಸು ಬಿಡಿಸು ಎಂದಿದ್ದೆ.

ಮರುದಿನ ಗುರುವಾರ. ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಮಾಣಿಕನಗರಕ್ಕೆ ಹೋದೆ. ಮಹಾನಂದಾ ನೆಲಕ್ಕೆ ಕೂತು ಹೂವು ಕಟ್ಟುತ್ತಿದ್ದಳು. ನನ್ನನ್ನು ನೋಡಿ ತಲೆ ಇನ್ನಷ್ಟು ಬಗ್ಗಿಸಿದಳು. ಶಾಂತಾಬಾಯಿ ಎದ್ದರು.

“ಬರ್ರಿ ಟೀಚರ್, ಬರ್ರಿ. ಏ ಮಾನಂದಾ, ಸ್ಟೂಲ್ ಕೊಡ. ಕಾಯಿ ಕಟ್ಟಿಕೊಡ್ಲೇನ್ರಿ?”

“ದೇವರಿಗಿ ಬಂದಿಲ್ಲವ್ವಾ, ನಿಮ್ಮ ಹಂತೇಕ ಬಂದೀನಿ.”

“ಫೇಲಾದಾಕಿ ಹಂತೇಕ ಯಾರ್ ಬರ್ತಾರ್ರಿ?”

“ಆಕಿ ಅಲ್ಲ, ನಾ ಫೇಲ್ ಆಗೀನಿ.”

“ಟೀಚರ್ ಫೇಲಾದದ್ದು ನಾ ಎಲ್ಲೂ ಕೇಳಿಲ್ಲ ಬಿಡ್ರಿ” ಎಂದು ಅವರು ನಕ್ಕರು. ನಡುವೆ ಇಬ್ಬರು ಗಿರಾಕಿಗಳಿಗೆ ಕಾಯಿ, ಊದಿನಕಡ್ಡಿ ಕೊಟ್ಟು ಕಳಿಸಿದರು.

ಅರ್ಜಿಗೆ ಇನ್ನೂ ಸಮಯವಿದೆ, ಜೂನಿನ ಪರೀಕ್ಷೆಗೆ ಕೂಡಿಸೋಣ, ರಜೆಯಲ್ಲಿ ನಾನೇ ಶಾಲೆಯಲ್ಲಿ ದಿನಾ ಕಲಿಸುತ್ತೇನೆ ಎಂದೆ. ಅದಕ್ಕೆ ಅವರು ಒಪ್ಪಿದರು. ಗುರುವಾರವೂ ಕಳಿಸಬೇಕು ಎಂದಾಗ ಮುಖದ ನಗೆ ಹೋಯಿತು.

“ಟೀಚರ್, ಏಳು ದಿನದಾಗ ಆರು ನಿಮ್ಮವು, ಒಂದು ನಂದು. ಅದನ್ನೂ ಬೇಡ್ತೀರಲ್ರಿ? ಗುರುವಾರ ನಾ ಒಬ್ಬಾಕಿ ಹೂ ಕಟ್ಟಲೋ, ಕಾಯಿ ಕೊಡಲೋ? ಆರು ದಿನಾ ಕಲಿಸಿದ್ರ ಬರಂಗಿಲ್ಲೇನು ಲೆಕ್ಕ?”

ಅವರು ಹೇಳಿದ್ದು ಸುಳ್ಳಲ್ಲ. ಲೆಕ್ಕಕ್ಕೆ ಆರು ದಿನ ಸಾಕಿತ್ತು. ನಾನು ಪರ್ಸಿನಿಂದ ಚೀಟಿ ತೆಗೆದು ಮಹಾನಂದಾಳ ಕೈಗೆ ಕೊಟ್ಟೆ.

“ಅವ್ವಗ ಓದಿ ಹೇಳು.”

ಅವಳು ಚೀಟಿಯನ್ನು ಮಗುಚಿ ಕೆಂಪು ಅಕ್ಷರದ ಬದಿಗೆ ತಿರುಗಿಸಿದಳು. ಆಮೇಲೆ ಒಂದೇ ಉಸಿರಿಗೆ ಓದಿದಳು.

“ಇದನ್ನ ನೀನ ಬರದೀ? ಯಾವಾಗ?” ಎಂದರು ಶಾಂತಾಬಾಯಿ.

“ಹೋದ ಆಷಾಢದಾಗ.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ಟೀಚರ್ ಇದು ಗುರಿ ಅಲ್ಲ ಅಂದ್ರು.”

ಅವಳ ದನಿಯಲ್ಲಿ ದೂರಿರಲಿಲ್ಲ. ನಾನು ಅಲ್ಲೇ ಕೂತಿದ್ದೆ. ಎದುರಿಗೆ ನೀರು ಚಿಮುಕಿಸಿದ ಮಲ್ಲಿಗೆಯ ಬುಟ್ಟಿ ಇತ್ತು. ಕಣ್ಣು ಎತ್ತಿದರೆ ಅದೇ ಕಾಣುತ್ತಿತ್ತು.

ಶಾಂತಾಬಾಯಿ ಸೆರಗಿನಿಂದ ಕೈ ಒರೆಸಿಕೊಂಡರು. “ಪರೀಕ್ಷಾಕ್ಕ ಮುಂಚೆ ಎಷ್ಟು ಗುರುವಾರ ಅವ?”

“ನಾಕು.”

“ಎರಡು ತಗೋರಿ. ನನ್ನ ತಂಗೀನ ಕರೀತೀನಿ. ಆಕಿ ಬಂದ್ರ ಕಳಸ್ತೀನಿ, ಬರದಿದ್ರ ಇಲ್ಲ. ಖರೇ ಮಾತ ಹೇಳೀನಿ.”

ಮರುದಿನದಿಂದ ಮಹಾನಂದಾ ಬಂದಳು. ದಾರದ ತುದಿ ಸಿಕ್ಕ ಮೇಲೆ ಅವಳನ್ನು ಹಿಡಿಯುವವರಿಲ್ಲ. ವರ್ಗ ಸಮೀಕರಣ ನಾಲ್ಕು ದಿನದಲ್ಲಿ ಮುಗಿಸಿದಳು. ಆದರೆ ಮೊದಲ ಗುರುವಾರ ಬರಲಿಲ್ಲ. ಹನ್ನೆರಡರ ತನಕ ಕೋಣೆಯ ಬಾಗಿಲು ತೆರೆದಿಟ್ಟು ಕೂತೆ. ಚಿಕ್ಕಮ್ಮನ ಮನೆಯಲ್ಲಿ ಏನೋ ಅಡಚಣೆಯಾಗಿತ್ತಂತೆ. ಎರಡನೆಯದರಲ್ಲೂ ಬರಲಿಲ್ಲ. ಮೂರನೆಯದರಲ್ಲೂ ಇಲ್ಲ. ಶುಕ್ರವಾರ ಬಂದವಳೇ ಪುಸ್ತಕ ಬಿಚ್ಚುತ್ತಿದ್ದಳು, ನಾನು ಬಿಟ್ಟಲ್ಲಿಂದ ಪಾಠ ಶುರು ಮಾಡುತ್ತಿದ್ದೆ.

ನಾಲ್ಕನೇ ಗುರುವಾರ, ಪರೀಕ್ಷೆಗೆ ಮುಂಚಿನ ಕೊನೆಯದು, ಬಂದಳು. ಉಳಿದ ದಿನ ಮನೆಯ ಬಟ್ಟೆಯಲ್ಲೇ ಬರುತ್ತಿದ್ದವಳು ಅವತ್ತು ಸಮವಸ್ತ್ರ ತೊಟ್ಟಿದ್ದಳು. ಎರಡು ಜಡೆ, ಎರಡಕ್ಕೂ ರಿಬ್ಬನ್ನು. ಗೇಟಿನ ಒಳಗೆ ನಿಂತು ಖಾಲಿ ಅಂಗಳವನ್ನು ಒಂದು ಸುತ್ತು ನೋಡಿದಳು. ಬೇಸಿಗೆ ರಜೆ. ಮಲ್ಲಪ್ಪ ಒಬ್ಬ ಮೂಲೆಯಲ್ಲಿ ಕಸ ಗುಡಿಸುತ್ತಿದ್ದ.

“ಟೀಚರ್, ಗುರುವಾರದ ಸಾಲಿ ಹ್ಯಾಂಗಿರ್ತದ ಅಂತ ನೋಡಬೇಕಾಗಿತ್ರಿ. ಹುಡುಗೋರೇ ಇಲ್ಲಲ್ರಿ?”

 ಅವಳ ಮನಸ್ಸಿನಲ್ಲಿದ್ದದ್ದು ಅವಳ ಮಾತಿನಿಂದಲೇ ಮೆಲ್ಲಗೆ ಗೊತ್ತಾಯಿತು. ಬೆಳಗಿನ ಪ್ರಾರ್ಥನೆ ನಡೆಸಲು ತರಗತಿಗೊಂದು ದಿನವಿತ್ತು, ಹತ್ತನೆಯವರದು ಗುರುವಾರ. ಒಬ್ಬೊಬ್ಬರಾಗಿ ಎಲ್ಲರೂ ಅಂಗಳದ ಕಟ್ಟೆಯ ಮೇಲೆ ನಿಂತು ಪೇಪರಿನ ಸುದ್ದಿ ಓದುತ್ತಿದ್ದರು. ಅವಳ ಪಾಳಿ ಬರಲೇ ಇಲ್ಲ. ಗೆಳತಿಯರು ಶುಕ್ರವಾರ ಅದರದೇ ಮಾತಾಡುತ್ತಿದ್ದರಂತೆ, ಯಾರು ತೊದಲಿದರು, ಯಾರ ಕೈ ನಡುಗಿತು, ಹೆಡ್‌ಮಾಸ್ತರರು ಯಾರಿಗೆ ಬೆನ್ನು ಚಪ್ಪರಿಸಿದರು. ನಾನು ತ್ರಿಕೋನಮಿತಿಯ ಚಿಂತೆಯಲ್ಲಿದ್ದೆ, ಅವಳು ಆ ಕಟ್ಟೆಯ ಚಿಂತೆಯಲ್ಲಿದ್ದಳು.

ಅವಳು ಚೀಲದಿಂದ ಒಂದು ಪೊಟ್ಟಣ ತೆಗೆದಳು.

“ಇವತ್ತಿನ ಹೂವ್ರಿ ಟೀಚರ್. ಉಳದದ್ದಲ್ಲ.”

ಹೂವು ಕೈಯಲ್ಲಿ ತಣ್ಣಗಿತ್ತು. ಅದನ್ನು ಸುತ್ತಿದ್ದ ಹಳೆಯ ಪೇಪರಿನ ಹಾಳೆಯನ್ನು ಬಿಡಿಸಿ ಅವಳಿಗೆ ಕೊಟ್ಟೆ.

“ಹತ್ತು ಕಟ್ಟೆ ಮ್ಯಾಲ. ಓದು.”

“ಯಾರ್ ಕೇಳ್ತಾರ್ರಿ?”

“ನಾ ಇದೀನಿ. ಮಲ್ಲಪ್ಪಾ, ಬಾ ಇಲ್ಲೆ, ಲೈನಿನಾಗ ನಿಂದ್ರು.”

ಮಲ್ಲಪ್ಪ ಕಸಬರಿಗೆ ಕೆಳಗಿಟ್ಟು ನನ್ನ ಹಿಂದೆ ಬಂದು ನಿಂತ. “ಲೈನ್ ಸೀದಾ ಅದ ಏನ್ರಿ ಟೀಚರ್?” ಎಂದ. ಮಹಾನಂದಾ ಕಟ್ಟೆ ಹತ್ತಿದಳು. ಹಾಳೆ ನೀರಿಗೆ ತೊಯ್ದಿತ್ತು, ಎರಡೂ ಕೈಯಲ್ಲಿ ಬಿಗಿಹಿಡಿದಳು. ಗಂಟಲು ಸರಿಮಾಡಿಕೊಂಡು, “ಇಂದಿನ ವಾರ್ತೆಗಳು” ಎಂದಳು. ಎಂದಿನದೋ ವಾರ್ತೆ. ಎಲ್ಲೋ ಸೇತುವೆ ಉದ್ಘಾಟನೆ, ಎಲ್ಲೋ ತೊಗರಿಯ ಧಾರಣೆ. ಒಂದು ಸಾಲೂ ತೊದಲಲಿಲ್ಲ. ಮೂರನೇ ಸುದ್ದಿಯ ನಡುವೆ ತಟ್ಟನೆ ನಿಂತಳು.

“ಮುಂದ?” ಎಂದ ಮಲ್ಲಪ್ಪ.

“ಹರದದ್ರಿ.”

ಮೂವರೂ ನಕ್ಕೆವು. ಅವಳು ಕಟ್ಟೆಯಿಂದ ಇಳಿದು ಬಂದಳು. ಬೆನ್ನು ಚಪ್ಪರಿಸಲು ಹೆಡ್‌ಮಾಸ್ತರರಿರಲಿಲ್ಲ, ನಾನು ಚಪ್ಪರಿಸಿದೆ. ಒಳಗೆ ಹೋಗಿ ಊಟದ ಹೊತ್ತಿನ ತನಕ ತ್ರಿಕೋನಮಿತಿ ಮಾಡಿದೆವು.

ಅದೇ ಜೂನಿನಲ್ಲಿ ನನಗೆ ಬಸವಕಲ್ಯಾಣಕ್ಕೆ ವರ್ಗವಾಯಿತು. ಮಹಾನಂದಾ ಪಾಸಾದ ಸುದ್ದಿಯನ್ನು ಮಲ್ಲಪ್ಪ ಫೋನು ಮಾಡಿ ಹೇಳಿದ. ದೀಪಾವಳಿಗೆ ಮಾಣಿಕನಗರಕ್ಕೆ ಹೋದಾಗ ಅವರ ಅಂಗಡಿಯ ಜಾಗದಲ್ಲಿ ಬೇರೆಯವರು ಆಟಿಕೆ ಸಾಮಾನು ಇಟ್ಟಿದ್ದರು. ಶಾಂತಾಬಾಯಿಯವರು ಗಡಿಯಾಚೆಯ ಉಮರ್ಗಾ ಕಡೆ ಹೋದರೆಂದು ಒಬ್ಬರು ಹೇಳಿದರು, ಇಲ್ಲೇ ಎಲ್ಲೋ ಇದ್ದಾರೆಂದು ಇನ್ನೊಬ್ಬರು ಹೇಳಿದರು. ಕಾಲೇಜು ಸೇರಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಪಾಸಾದದ್ದಕ್ಕೆ ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ. ಆದರೆ ಅವಳು ಕೇಳಿದ್ದು ಅಂಕವಲ್ಲ. ಹುಡುಗರು ಹುಡುಗಿಯರು ತುಂಬಿದ ಅಂಗಳ, ನೂಕಾಟ, ಕಟ್ಟೆಯ ಕೆಳಗೆ ಗೆಳತಿಯರ ಪಿಸುಮಾತು. ಆ ಒಂದು ಗುರುವಾರವನ್ನು ಕೊಡುವುದು ಜೂನಿನಿಂದ ಮಾರ್ಚಿನ ತನಕ ನನ್ನ ಕೈಯಲ್ಲಿತ್ತು.

ಬಸವಕಲ್ಯಾಣದಲ್ಲಿ ಗುರಿ ಗೋಡೆ ಮಾಡಲಿಲ್ಲ. ಮಕ್ಕಳಿಗೆ ಒಂದೊಂದು ಸಣ್ಣ ವಹಿ ಇಡಲು ಹೇಳಿದೆ. ಶನಿವಾರ ಎರಡೇ ಸಾಲು: ಬರುವ ವಾರ ನನಗೇನು ಬೇಕು, ಅದಕ್ಕೆ ಯಾರು ಹೂಂ ಅನ್ನಬೇಕು. ಕೆಂಪು ಶಾಯಿ ಮುಟ್ಟಿಸಲಿಲ್ಲ. ಪೆನ್ಸಿಲಿನಲ್ಲಿ ಪ್ರಶ್ನೆ ಮಾತ್ರ ಬರೆಯುತ್ತಿದ್ದೆ. ಮಕ್ಕಳು ತಪ್ಪು ನಿರ್ಧಾರ ಮಾಡುವುದು ಬುದ್ಧಿಯಿಲ್ಲದೆ ಅಲ್ಲ. ಹೂಂ ಅನ್ನಬೇಕಾದವರನ್ನು ಯಾರೂ ಕೇಳಿರುವುದಿಲ್ಲ, ಅಷ್ಟೇ.

ಆಮೇಲೆಯೂ ತಪ್ಪಿದ್ದೇನೆ. ಯೂಸುಫ್ ಎಂಬ ಹುಡುಗ ಒಳ್ಳೆಯ ಅಂಕ ತೆಗೆದು ಐ.ಟಿ.ಐ. ಸೇರುತ್ತೇನೆಂದಾಗ ನಾನೂ ಎಲ್ಲರ ಜೊತೆ ಸೇರಿ ಸೈನ್ಸ್, ಸೈನ್ಸ್ ಎಂದೆ. ಅವನು ವಹಿ ತೆಗೆದು ತೋರಿಸಿದ. ಒಂದು ದಿನ ಕಾಲೇಜಿನ ಗೇಟಿನಲ್ಲಿ, ಒಂದು ದಿನ ಐ.ಟಿ.ಐ. ಗೇಟಿನಲ್ಲಿ ನಿಂತು, ಹೊರಗೆ ಬರುವ ಹುಡುಗರನ್ನು ಏನೇನು ಕೇಳಿದ್ದನೋ ಎಲ್ಲ ಬರೆದಿದ್ದ. “ಮೇಡಂ, ಅಬ್ಬಾನೂ ಹೂಂ ಅಂದಾರ, ಅಮ್ಮೀನೂ ಹೂಂ ಅಂದಾರ. ನಿಮ್ಮದೊಂದೇ ಬಾಕಿ ಅದ” ಎಂದ. ಪೆನ್ಸಿಲ್ ತೆಗೆದು ನಾನೂ ಹೂಂ ಎಂದು ಬರೆದೆ. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ ಅವನ ಅಂಗಡಿಯ ಮುಂದೆ ಸವಿತಾ ದಿನಾ ಹಾದುಹೋಗುತ್ತಾಳೆ.

ಇಷ್ಟು ಬರೆದು ಸವಿತಾಳಿಗೆ ಕೊಟ್ಟೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಓದಿದಳು. ನಾನು ರೊಟ್ಟಿ ಬಡಿಯುತ್ತಾ ಅವಳ ಕಡೆ ನೋಡದೆ ಇದ್ದೆ. ಓದಿ ಮುಗಿಸಿ, “ಮೌಶಿ, ಆ ಚೀಟಿ ಇನ್ನೂ ಅದ ಏನ್ರಿ?” ಎಂದಳು. ಪರ್ಸಿನ ಒಳಜೇಬಿನಲ್ಲಿದೆ ಎಂದೆ. ನೋಡಲು ಕೇಳಲಿಲ್ಲ. ಪೆನ್ಸಿಲ್ ಹುಡುಕಿಕೊಂಡು ಬಂದು ಟಿ.ವಿ. ಹುಡುಗಿಯ ಚೀಟಿಯ ಕೆಳಗೆ ಬರೆದಳು: ‘ಯಾವ ತಾಸು ಬೇಕು? ಮನೆಯಲ್ಲಿ ಯಾರ ಜೊತೆ ನಾನು ಮಾತಾಡಲಿ?’

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಅತ್ತೆ ಒಂದೂವರೆ ರೊಟ್ಟಿ ಉಂಡರು, ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಕಡಿಮೆಯಾಯಿತು ಎಂದರು. ಹಾಸಿಗೆ ಹಾಸಿದ ಮೇಲೆ ಸವಿತಾಳ ವೇಳಾಪಟ್ಟಿ ಕೇಳಿದೆ. ನಾಳೆ ಗುರುವಾರ, ಮೊದಲ ಎರಡು ಪೀರಿಯಡ್ಡು ತನ್ನವೇ ಎಂದಳು. “ಹೊಸ ಪಾಠ ತಗಿಯೋಕಿಂತ ಮೊದಲ ಯಾರ್ ಬಂದಿಲ್ಲ ನೋಡವ್ವಾ” ಎಂದೆ.  ಮೊದಲು ನಿದ್ದೆ ಹೋದವಳು ಅವಳೇ. ಆಮೇಲೆ ಅತ್ತೆ. ನಾನು ಇನ್ನೂ ಎದ್ದಿದ್ದೇನೆ.